ಶಾಲು ಹೊದಿಸಿದ ದಿನ

ಆಗ ನನಗೆ ನಲವತ್ತು. ಮೂವತ್ತೈದು ವರ್ಷದ ಹಿಂದಿನ ಮಾತು. ಇಂಗ್ರೇಜರು ಇನ್ನೂ ಇದ್ದರು. ಮೊನ್ನೆ ಚರ್ಚಿನಲ್ಲಿ ಯಾರಿಗೋ ಶಾಲು ಹೊದಿಸಿದರು. ಹೊಸ ಬಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ನಮ್ಮ ಹಳೆಯ ಅಯ್ಯನವರು ನೆನಪಾದರು.

ಅಯ್ಯನವರೆಂದರೆ ಧಾರವಾಡದ ನಮ್ಮ ಚರ್ಚಿನ ಪಾದ್ರಿಗಳು. ನಾನು ಮದುವೆಯಾಗಿ ಬಂದಾಗಿನಿಂದ ಅವರೇ. ಭಾನುವಾರ ಚರ್ಚಿನಲ್ಲಿ ಅವರು ಹೇಳುವ ಪ್ರಸಂಗ ಬಹಳ ಉದ್ದ. ಗೋಡೆಗೊರಗಿ ಎಷ್ಟೋ ಸಲ ನಿದ್ದೆ ಹೊಡೆದಿದ್ದೇನೆ, ಸುಳ್ಳೇಕೆ ಹೇಳಲಿ? ಆದರೆ ಪ್ಲೇಗಿನಲ್ಲಿ ನನ್ನ ಗಂಡ ಸತ್ತಾಗ ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಕೈಗಾಡಿ ತಳ್ಳಿಕೊಂಡು ಬಂದವರು ಅಯ್ಯನವರೊಬ್ಬರೇ. ಮಣ್ಣು ಮಾಡಿ ಬಂದು, "ಅಳೂದು ಆಮ್ಯಾಲ. ಮದಲ ಕೂಸಿಗೆ ಹಾಲ ಕುಡಸು," ಎಂದರು. ಅಂಥ ಮಾತು ನನಗೆ ಸೇರುತ್ತದೆ. ಅಕ್ಷರ ಕೂಡಿಸಲು ಕಲಿಸಿದವರೂ ಅವರೇ. ಈ ಬರಹ ಸೊಟ್ಟಗಿದ್ದರೆ ತಪ್ಪು ಅವರದಲ್ಲ.

ಅವರು ನಿವೃತ್ತರಾಗುವ ಹಿಂದಿನ ದಿನ ಜೋಳದ ಹಿಟ್ಟು ಕೊಡಲು ಹೋದೆ. ಅವರ ಹೆಂಡತಿ ಸಾಮಾನು ಕಟ್ಟುತ್ತಿದ್ದರು.

"ಯಾ ಊರಿಗೆ ಹೊಂಟೀರಿ ಅಮ್ಮಾರ?"

"ಗೊತ್ತಿಲ್ಲವ್ವಾ. ಯಾರ ಮುಂದೂ ಕೈ ಒಡ್ಡಾಂಗಿಲ್ಲ ಅಂತಾರ ಇವರು."

ಚರ್ಚಿನ ಮನೆಯನ್ನು ಹೊಸ ಪಾದ್ರಿಗೆ ಬಿಟ್ಟುಕೊಡಲೇಬೇಕು. ಮಕ್ಕಳಿಲ್ಲ. ಹುಟ್ಟಿದೂರಿನವರು, ಜಾತಿ ಬಿಟ್ಟನೆಂದು ಎಂದೋ ಬಾಗಿಲು ಹಾಕಿಕೊಂಡಿದ್ದರು.

ಮರುದಿನ ಸಭೆಯಲ್ಲಿ ಹಿರಿಯರು ಒಬ್ಬರಾದ ಮೇಲೊಬ್ಬರು ಹೊಗಳಿದರು, ಶಾಲು ಹೊದಿಸಿದರು. ಅಯ್ಯನವರಿಗೆ ಎಲ್ಲೋ ಒಂದು ನೆಲೆ ಇದ್ದೇ ಇದೆ ಎಂದು ಎಲ್ಲರ ನಂಬಿಕೆ. ನಾನು ಹೆಂಗಸರ ಚಾಪೆಯಿಂದ ಎದ್ದು ನಿಂತೆ. ಅಲ್ಲಿ ಹೆಂಗಸು ಬಾಯಿ ಬಿಡುವ ಪದ್ಧತಿ ಇರಲಿಲ್ಲ.

"ಕುಂದ್ರವ್ವಾ, ಆಮ್ಯಾಲ ಮಾತಾಡೂಣು," ಎಂದರು ಹಿರಿಯರೊಬ್ಬರು.

"ಆಮ್ಯಾಲ ನೀವು ಉಂಡು ಮನಿ ಸೇರ್ತೀರಿ. ಶಾಲು ಹೊಚ್ಚೀರಿ, ಛಲೋ ಆತು. ಅದನ್ನ ಹೊಚ್ಕೊಂಡು ನಾಳೆ ಇವರು ಎಲ್ಲಿ ಮಲಗ್ಬೇಕ್ರಿ? ಇವರಿಗೆ ಮನಿ ಇಲ್ಲ. ನನ್ನ ಮನ್ಯಾಗ ಒಂದು ಖೋಲಿ ಐತಿ."

ಅಯ್ಯನವರು ಹೆಗಲ ಶಾಲು ಸರಿಸಿ ನನ್ನ ಕಡೆ ತಿರುಗಿದರು.

"ಆ ಖೋಲ್ಯಾಗ ಎಮ್ಮಿ ಐತಲ್ಲವ್ವಾ?"

"ಎಮ್ಮಿ ಹಿತ್ತಲಕ್ಕ ಹೋಗತೈತ್ರಿ. ನಿಮ್ಮ ಪ್ರಸಂಗ ಕೇಳೂದಾದ್ರೂ ಅದಕ್ಕ ತಪ್ಪತೈತಿ."

ಮೊದಲು ನಕ್ಕವರು ಅಯ್ಯನವರೇ. ಆಮೇಲೆ ನೋಡಬೇಕಿತ್ತು ನೀವು! ನನ್ನನ್ನು ಕುಳ್ಳಿರಿಸಲು ಹೋದ ಹಿರಿಯರೇ, "ನಮ್ಮ ಮನಿ ಏನ್ ಸುಟ್ಟ ಹೋಗೇತೇನು? ನಮ್ಮಲ್ಲೆ ಬರ್ರಿ," ಎಂದು ಎದ್ದರು. ಇನ್ನೊಬ್ಬರು ಅವರ ಮೇಲೆಯೇ ಹರಿಹಾಯ್ದರು. ಪಾದ್ರಿ ನನಗೆ, ನಿನಗೆ ಎಂದು ಗಂಡಸರು ಜಗಳಾಡಿದರು. ಮರ್ಯಾದೆಯೆಂದರೆ ಅದು, ಭಾಷಣಗಳಲ್ಲಿ ಒಂದೂ ನನಗೆ ನೆನಪಿಲ್ಲ.

ಅಯ್ಯನವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, "ಮದಲ ಕರದಾಕಿ ಈಕಿ," ಎಂದರು.

ಮರುದಿನ ಮುಂಜಾನೆ ಎಮ್ಮೆಯನ್ನು ಹೊರಗೆ ಕಟ್ಟಿದೆ, ಖೋಲಿ ಸಾರಿಸಿದೆ. ಅದು ಆರುವ ಮೊದಲೇ ಹೋಗಿ ಅವರ ಟ್ರಂಕನ್ನು ತಲೆಯ ಮೇಲೆ ಹೊತ್ತೆ. ಮನೆಗೆ ಹಿಂದಿನ ಓಣಿಯ ದಾರಿ ಹತ್ತಿರ. ನಾನು ಪೇಟೆಯ ನಟ್ಟನಡುವೆ, ಎಲ್ಲರೂ ನೋಡುವಂತೆ, ನಿಧಾನವಾಗಿ ನಡೆದೆ.