ಅಣ್ಣನ ಪಾಲಿಗೆ ಬಂದ ಮೆಮರಿ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ. ನಮ್ಮಣ್ಣ ಬಾಬಾಸಾಹೇಬ ಗಟ್ಟಿಮುಟ್ಟಾಗಿದ್ದಾನೆ, ದಿನಾ ಬೆಳಿಗ್ಗೆ ಅಂಕಲಿಯ ಹೋಟೆಲಿನಲ್ಲಿ ಕೂತು ಚಹಾ ಕುಡಿಯುತ್ತಾನೆ. ಹಾಗಾಗಿ ನನಗೆ ಆ ಅಡ್ಡಿಯಿಲ್ಲ, ಇದ್ದದ್ದನ್ನು ಇದ್ದಂತೆ ಬರೆಯಬಹುದು.

ಅವನು ಕಳ್ಳನಲ್ಲ, ಕುಡುಕನಲ್ಲ. ಪಕ್ಕದ ಹೊಲದ ಒಂದು ಕಬ್ಬನ್ನೂ ಮುರಿದವನಲ್ಲ. ಆದರೆ ತನ್ನದು ಅಂತ ಒಮ್ಮೆ ಅಂದುಕೊಂಡದ್ದನ್ನು ಅವನು ಬಿಟ್ಟ ದಿನವನ್ನು ನಾನು ಕಂಡಿಲ್ಲ. ಚಿಕ್ಕವರಿದ್ದಾಗ ಅವ್ವ ಇಬ್ಬರಿಗೂ ಸೇರಿ ಒಂದು ಪೇರಲಹಣ್ಣು ಕೊಟ್ಟರೆ, ಕುಡಗೋಲಿನಿಂದ ಸರಿಯಾಗಿ ಎರಡು ಹೋಳು ಮಾಡುತ್ತಿದ್ದ. ನಾನು ನನ್ನ ಹೋಳನ್ನು ಅಲ್ಲೇ ತಿಂದು ಮುಗಿಸುತ್ತಿದ್ದೆ. ಅವನು ತನ್ನದನ್ನು ಗೂಡಿನಲ್ಲಿ ಕೊಳೆಯುವ ತನಕ ಇಟ್ಟು, ಆಮೇಲೆ ಎಮ್ಮೆಗೆ ಹಾಕುತ್ತಿದ್ದ. ತಾನೂ ತಿನ್ನ, ಪರರಿಗೂ ಕೊಡ ಅನ್ನುವ ಮಾತು ಇವನನ್ನು ನೋಡಿಯೇ ಹುಟ್ಟಿರಬೇಕು.

ಹೊಲ ಅವನು ನೋಡಿಕೊಂಡ. ನಾನು, ದುಂಡೇಶ, ಊರಲ್ಲೇ ಫೋಟೋ ಸ್ಟುಡಿಯೋ ಹಾಕಿದೆ. ಮದುವೆ ಚಿತ್ರೀಕರಿಸಿ, ಲ್ಯಾಪ್‌ಟಾಪಿನಲ್ಲಿ ಕತ್ತರಿಸಿ ಜೋಡಿಸಿ ಕೊಡುವುದೇ ನನ್ನ ಅನ್ನ. ಹಳೇ ಲ್ಯಾಪ್‌ಟಾಪು ತಿಣುಕತೊಡಗಿದಾಗ ಚಿಕ್ಕೋಡಿಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಶಾಹನವಾಜನ ಹತ್ತಿರ ಒಯ್ದೆ. ಅವನು ಬೆನ್ನಿನ ಮುಚ್ಚಳ ಬಿಚ್ಚಿ, ಇದ್ದ ಮೆಮರಿಯ ಪಕ್ಕಕ್ಕೆ ಇನ್ನೊಂದು ಮೆಮರಿ ಕೂರಿಸಿದ. ಬೆರಳಷ್ಟು ಉದ್ದದ ಹಸಿರು ಪಟ್ಟಿ, ಅಷ್ಟೇ. ಕೆಲಸ ಮಾಡುವಾಗ ಯಂತ್ರಕ್ಕೆ ಕೈಯಾಡಿಸಲು ಜಾಗ ಹೆಚ್ಚಾಗುತ್ತದೆ ಅಂತ ತಿಳಿಸಿ ಹೇಳಿದ. ಆ ದಿನದಿಂದ ಲ್ಯಾಪ್‌ಟಾಪು ನೀರು ಹರಿದಂತೆ ಓಡಿತು.

ಆ ಪಟ್ಟಿಯನ್ನು ನಾನು ಕೂಡುಮನೆಯ ಕಬ್ಬಿನ ಬಿಲ್ಲಿನ ಹಣದಲ್ಲಿ ಕೊಂಡಿದ್ದೆ. ಬಾಬಾಸಾಹೇಬ ಊಟಕ್ಕೆ ಕೂತಾಗೊಮ್ಮೆ ಅದರ ಮಾತು ಎತ್ತಿದ, ಎದ್ದಾಗೊಮ್ಮೆ ಎತ್ತಿದ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಯುಗಾದಿ ಮುಗಿದ ಮೇಲೆ ವಾಟಣಿಗೆ, ಅಂದರೆ ಆಸ್ತಿ ಪಾಲು ಮಾಡಲು, ಪಂಚರನ್ನು ಕೂರಿಸಿದೆವು.

ನಮ್ಮಲ್ಲಿ ಮನೆ ಒಡೆಯುವಾಗ ಹಿರಿಯ ಪಾಲು ಹಾಕಬೇಕು, ಕಿರಿಯ ಮೊದಲು ಎತ್ತಿಕೊಳ್ಳಬೇಕು. ಹಿರಿಯ ಮೋಸ ಮಾಡಬಾರದು ಅಂತ ಹಿಂದಿನವರು ಮಾಡಿದ ಪದ್ಧತಿ. ಅವರು ಬಾಬಾಸಾಹೇಬನನ್ನು ನೋಡಿರಲಿಲ್ಲ. ಒಂದು ಪಾಲಿಗೆ ಲ್ಯಾಪ್‌ಟಾಪು, ಕ್ಯಾಮೆರಾ, ಹೊಳೆಯ ಕಡೆಯ ಉಪ್ಪೇರಿದ ಸವಳು ಹೊಲ ಹಾಕಿದ. ಇನ್ನೊಂದಕ್ಕೆ ಬಾವಿ ಇರುವ ಕರಿ ಹೊಲ, ಮತ್ತೆ ಲ್ಯಾಪ್‌ಟಾಪಿನಿಂದ ಬಿಚ್ಚಿದ ಒಂದು ಮೆಮರಿ. ಬಿಚ್ಚಲು ಶಾಹನವಾಜನನ್ನೇ ಕರೆಸಿದ್ದ.

"ಎರಡೂ ಕೂಡಿದ್ರ ಕೆಲಸ ಆಕ್ಕೈತ್ರಿ ಸಾವಕಾರ್ರ," ಅಂದ ಶಾಹನವಾಜ. "ಇದೊಂದ ಇಟ್ಕೊಂಡ್ರ ನಿಮಗ ಏನೂ ಉಪಯೋಗಿಲ್ರಿ."

"ಉಪಯೋಗ ಯಾರ ಕೇಳ್ಯಾರ? ನಾ ಪಾಲ ಕೇಳಾಕತ್ತೇನಿ," ಅಂದ ಅಣ್ಣ.

ಸ್ಟುಡಿಯೋ ಬಿಟ್ಟರೆ ನನಗೆ ಬದುಕಿಲ್ಲ. ಸವಳು ಹೊಲದ ಪಾಲನ್ನೇ ಎತ್ತಿದೆ. ಅದು ಅವನಿಗೆ ಮೊದಲೇ ಗೊತ್ತಿತ್ತು.

ಆಮೇಲೆ ಲ್ಯಾಪ್‌ಟಾಪು ಕುಂಟತೊಡಗಿತು. ಮದುವೆಯ ವಿಡಿಯೋ ತೆರೆದರೆ ಅಕ್ಕಿಕಾಳು ಬೀಳುವ ಹೊತ್ತಿಗೆ ನಿಂತುಬಿಡುತ್ತಿತ್ತು. ಆ ಹಳೇ ನಮೂನೆಯ ಮೆಮರಿಗಾಗಿ ಶಾಹನವಾಜ ಕೊಲ್ಹಾಪುರದ ತನಕ ಹುಡುಕಿದ. ಸಿಕ್ಕವನ್ನು ಹಾಕಿ ನೋಡಿದೆವು, ಯಂತ್ರ ಒಪ್ಪಲಿಲ್ಲ. ಗಿರಾಕಿಗಳು ಬೈದು, ಬೇರೆಯವರನ್ನು ಹಿಡಿದರು. ಅಣ್ಣ ಮಾತ್ರ ಆ ಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಿಜೋರಿಯಲ್ಲಿಟ್ಟು, ದೀಪಾವಳಿಯ ಲಕ್ಷ್ಮೀಪೂಜೆಗೆ ತೆಗೆದು ಬಂಗಾರದ ಪಕ್ಕದಲ್ಲಿ ಇಡುತ್ತಿದ್ದ. ಆ ಮನುಷ್ಯನ ಮೇಲೆ ನನಗೆ ಹುಟ್ಟಿದ ಸಿಟ್ಟು ಇವತ್ತಿಗೂ ಆರಿಲ್ಲ.

ಅವನ ಒಬ್ಬಳೇ ಮಗಳು ಕೋಮಲ. ನನ್ನ ಸ್ಟುಡಿಯೋದಲ್ಲೇ ಆಡಿ ಬೆಳೆದ ಹುಡುಗಿ. ಹೋದ ವರ್ಷ ಆಕೆಯನ್ನು ಕಬ್ಬೂರಿಗೆ ಕೊಟ್ಟರು. ಅಣ್ಣ ಚಿತ್ರ ತೆಗೆಯಲು ನಿಪ್ಪಾಣಿಯವರನ್ನು ಕರೆಸಿದ್ದ. ನಾನು ಬಂದವರ ಜೊತೆ ಬಂದವನಂತೆ ಮೂಲೆಯಲ್ಲಿ ಕೂತಿದ್ದೆ. ಕಳಿಸಿಕೊಡುವಾಗ ಉಡಿ ತುಂಬುತ್ತಾರಲ್ಲ, ಆಗ ಮಗಳು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅನ್ನಬಾರದು ಅಂತ ನಮ್ಮ ಮನೆತನದ ನಡೆ. ಅಕ್ಕಿ, ತೆಂಗಿನಕಾಯಿ ಬಿದ್ದ ಮೇಲೆ ಕೋಮಲ ಸೆರಗು ಹಾಗೇ ಹಿಡಿದು ನಿಂತಳು.

"ಅಪ್ಪಾ, ತಿಜೋರ್ಯಾಗಿಂದು ಕಾಕಾನ ಮೆಮರಿ ಉಡ್ಯಾಗ ಹಾಕ್ರಿ."

ಬೀಗರೆಲ್ಲ ನೋಡುತ್ತಿದ್ದರು. ಬಾಬಾಸಾಹೇಬ ಒಳಗೆ ಹೋದ, ತಂದ, ಉಡಿಯಲ್ಲಿ ಹಾಕಿದ. ಕೋಮಲ ನೇರ ಮೂಲೆಗೆ ಬಂದು ಅದನ್ನು ನನ್ನ ಕೈಯಲ್ಲಿಟ್ಟಳು. ನನಗೆ ಕಣ್ಣು ತುಂಬಿ ಬಂದವು. ಅಣ್ಣನ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಸೋಜಿಗವಾಯಿತು.

ಸೋಜಿಗ ಹೆಚ್ಚು ದಿನ ಉಳಿಯಲಿಲ್ಲ. ಮಗಳು ಮೊದಲ ಸಲ ತವರಿಗೆ ಬಂದಾಗ ಅವನು ಅದೇ ಪಂಚರನ್ನು ಕರೆಸಿ, ಅವಳ ಎದುರಿಗೆ ಹೊಲದ ಹಕ್ಕು ಬಿಡುವ ಕಾಗದ ಇಟ್ಟ.

"ಆಕಿ ತನ್ನ ಪಾಲ ತನ್ನ ಬಾಯಿಲೆ ಕೇಳಿ ತೊಗೊಂಡಾಳ. ಎಲ್ಲಾರೂ ನೋಡೀರಿ. ಇನ್ನ ಹೊಲದಾಗ ಆಕಿದೇನೂ ಇಲ್ಲ."

ನಾನು ಸ್ಟುಡಿಯೋಕ್ಕೆ ಓಡಿ, ಮೆಮರಿ ಬಿಚ್ಚಿ ತಂದು ಅವನ ಮುಂದೆ ಒಗೆದೆ. "ತೊಗೋ ನಿನ್ನ ಪಾಲ. ಹುಡಿಗಿ ಹೊಟ್ಟಿ ಮ್ಯಾಲ ಹೊಡೀಬ್ಯಾಡ."

"ಉಡ್ಯಾಗ ಹಾಕಿದ್ದನ್ನ ಹೊಳ್ಳಿ ತೊಗೊಳ್ಳು ಮನಿ ಅಲ್ಲಲೇ ಇದು, ದುಂಡ್ಯಾ," ಅಂದ.

ಕಾಯಿದೆ ಕೋಮಲಳ ಕಡೆಗಿದೆ ಅಂತ ಪಂಚರಿಗೆ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು. ಕೋರ್ಟಿಗೆ ಹೋದರೆ ತವರಿನ ಬಾಗಿಲು ಮುಚ್ಚಿದಂತೆ, ಅದು ಅವಳಿಗೆ ಗೊತ್ತಿತ್ತು. ನಾನು ಪಂಚರನ್ನು ಬೈಯತೊಡಗಿದೆ. ನಾಚಿಕೆಗೇಡಿಗಳು, ಒಬ್ಬನೂ ತಲೆ ಎತ್ತಲಿಲ್ಲ. ಕೋಮಲ ನನ್ನ ತೋಳು ಹಿಡಿದಳು.

"ಸುಮ್ನಿರ್ರಿ ಕಾಕಾ. ನಿಮ್ಮ ತಪ್ಪಲ್ಲ. ನಾ ಏನೂ ಕೇಳದ ಹೋಗಿದ್ರ, ಉಡ್ಯಾಗಿನ ತೆಂಗಿನಕಾಯಿನ ನನ್ನ ಪಾಲ ಅಂತಿದ್ರು."

ಅಷ್ಟು ಹೇಳಿ ಪೆನ್ನು ತೆಗೆದುಕೊಂಡು ಸಹಿ ಮಾಡಿದಳು. ಬಾಬಾಸಾಹೇಬ ಎದುರಿಗೇ ಕೂತಿದ್ದ. ಮಗಳ ಮಾತನ್ನು ಅಲ್ಲ ಅನ್ನಲಿಲ್ಲ.