ಜೀನ್ಸ್ ಪ್ಯಾಂಟಿನ ಮಡಿಕೆಯಲ್ಲಿ ಅತ್ತೆಯ ಹೆಬ್ಬೆಟ್ಟು

ಆ ನಲ್ಲಿಗೆ ನಾನು ತೆತ್ತಿದ್ದು ಇಷ್ಟು: ಒಂದಿಡೀ ದಿನದ ಹೊಲಿಗೆ, ಒಂದು ಮೂಟೆ ರದ್ದಿ ಕಾಗದ, ಪಕ್ಕದ ಮನೆಯವಳ ಸ್ನೇಹ. ನೀರಿನ ಚಾರ್ಜು ಬೇರೆ. ಅದನ್ನು ಓಣಿಯವರೆಲ್ಲ ಬೈದುಕೊಂಡು ಕಟ್ಟಿದರು, ನಾನೂ ಬೈದುಕೊಂಡೇ ಕಟ್ಟಿದೆ. ಇಷ್ಟೆಲ್ಲ ಯಾಕೆಂದರೆ, ನಮ್ಮತ್ತೆ ಒತ್ತಿಬಿಟ್ಟಿದ್ದ ಹೆಬ್ಬೆಟ್ಟನ್ನು ವಾಪಸು ತರಬೇಕಿತ್ತು. ಕೊಂಡ ಸೀರೆಯನ್ನು ಅಂಗಡಿಗೆ ಹಿಂದಿರುಗಿಸಿ ಗೊತ್ತು ನನಗೆ, ಉಟ್ಟ ಸೀರೆಯನ್ನೂ ಒಮ್ಮೆ ಹಿಂದಿರುಗಿಸಿದ್ದೇನೆ. ಹೆಬ್ಬೆಟ್ಟಿನ ವ್ಯಾಪಾರ ಅದೇ ಮೊದಲು.

ನಾವು ಮಡಕಶಿರಾ ಸೀಮೆಯ ಅಗಳಿ ಕಡೆಯವರು. ಕಡಲೆಕಾಯಿ ಬಿಡಿಸುವ ಕೈಗಿಂತ ಜಿಪ್ ಹೊಲಿಯುವ ಕೈಗೆ ಕೂಲಿ ಜಾಸ್ತಿ ಎಂದು ತಿಳಿದ ವರ್ಷ ಗಂಡ ಹೆಂಡತಿ ರಾಯದುರ್ಗಕ್ಕೆ ಬಂದೆವು. ಮೊದಲು ಇನ್ನೊಬ್ಬರ ಗಾರ್ಮೆಂಟಿನಲ್ಲಿ ಹೊಲಿದೆವು. ಆಮೇಲೆ ಹಳೆಯ ಮಿಷನ್ನುಗಳನ್ನು, ಮಾರುವವನ ಕಣ್ಣಲ್ಲಿ ನೀರು ಬರುವಷ್ಟು ಚೌಕಾಸಿ ಮಾಡಿ ತಂದು, ಮನೆಯಲ್ಲೇ ಜೀನ್ಸ್ ಹೊಲಿದು ಕೊಡತೊಡಗಿದೆವು. ಅತ್ತೆ ಜೊತೆಗೆ ಬಂದರು, ಆದರೆ ಅವರ ವೃದ್ಧಾಪ್ಯ ಪಿಂಚಣಿ ಬರಲಿಲ್ಲ. ಅದು ಊರಿನಲ್ಲೇ ಉಳಿಯಿತು. ಪ್ರತಿ ತಿಂಗಳು ಬಸ್ಸು ಬದಲಿಸಿಕೊಂಡು ಊರಿಗೆ ಹೋಗಿ, ಹೆಬ್ಬೆಟ್ಟು ಒತ್ತಿ ದುಡ್ಡು ಪಡೆದು, ಕುರಿ ಸಾಕುವ ತಂಗಿಯ ಮನೆಯಲ್ಲಿ ನಾಲ್ಕು ದಿನ ಉಂಡು ಬರುತ್ತಿದ್ದರು. ಆ ದುಡ್ಡಿನ ಬಲದಿಂದಲೇ ಅವರು ನನ್ನನ್ನು ಬೈಯುತ್ತಿದ್ದದ್ದು. ಮಗ ಸೊಸೆ ದುಡಿದದ್ದನ್ನು ಉಂಡು ಸೊಸೆಯನ್ನೇ ಬೈಯಲು ಮಾನವಂತರಿಗೆ ನಾಲಿಗೆ ಏಳುವುದಿಲ್ಲ.

ಆಗ ಮುನ್ಸಿಪಾಲಿಟಿಯವರು ಮನೆಮನೆಯ ನಲ್ಲಿಗೆ ಮೀಟರು ಕೂರಿಸಿ ಚಾರ್ಜು ಹಾಕುತ್ತೇವೆಂದು ಹೊರಟರು. ನಮ್ಮ ಓಣಿಗೆ ನೀರು ಬರುವುದು ದಿನ ಬಿಟ್ಟು ದಿನ. ಬಂದ ದಿನವೂ ಮೊದಲು ಬುಸ್ಸೆಂದು ಗಾಳಿ, ಆಮೇಲೆ ನೀರು. ಆ ಗಾಳಿಗೂ ಮೀಟರು ತಿರುಗುತ್ತದೆಂದು ಗೊತ್ತಾದಾಗ, ಪಕ್ಕದ ಮನೆಯಲ್ಲಿ ಪ್ಯಾಂಟಿಗೆ ಗುಂಡಿ ಹಾಕುವಾಕೆ ಬೀದಿಗೆ ಬಂದು ನಿಂತಳು.

"ಫ್ಯಾನ್ ಗಾಳಿಗೆ ಕರೆಂಟ್ ಬಿಲ್ ಕಟ್ತೀವಿ. ಈಗ ನಳದ ಗಾಳಿಗೂ ಕಟ್ಬೇಕೇನ್ರಿ? ನಾಳಿ ನಾವು ಉಸಿರಾಡೋದಕ್ಕೂ ಮೀಟರ್ ತರ್ತಾರ, ನೋಡ್ರಿ ಬೇಕಾದ್ರ!"

ಎಲ್ಲರೂ ಖಾಲಿ ಕೊಡ ಹಿಡಿದು ಆಫೀಸಿನ ಮುಂದೆ ಕೂರುವುದೆಂದು ತೀರ್ಮಾನವಾಯಿತು. ಅದರ ಹಿಂದಿನ ದಿನ ನಾನು ಮಾಲು ಕೊಟ್ಟು ಮನೆಗೆ ಬಂದರೆ, ಅತ್ತೆ ಹೆಬ್ಬೆರಳನ್ನು ನೇರಳೆ ಬಣ್ಣ ಮಾಡಿಕೊಂಡು ಮದುಮಗಳ ಹಾಗೆ ಕೂತಿದ್ದರು.

"ಬೆಟ್ಟಿಗೇನಾತು ಅತ್ತೆ?"

"ಪಿಂಚಣಿ ಇನ್ನು ಇಲ್ಗೇ ಬತ್ತೈತೆ ಕಣಮ್ಮಿ. ಬಸ್ಸಿನಾಗೆ ಸೊಂಟ ಮುರ್ಕಳೋ ಕರ್ಮ ತಪ್ತು."

"ಯಾರು ಹೇಳಿದ್ದು?"

"ಯಾರ್ ಹೇಳ್ಬೇಕು? ಬಂದ್ರು, ಆಧಾರ್ ಜೆರಾಕ್ಸ್ ಇಸ್ಕಂಡ್ರು, ಬೆಟ್ಟು ಒತ್ತುಸ್ಕಂಡ್ರು. ಬೆಟ್ಟು ಒತ್ತುಸ್ಕಂಡೋರು ದುಡ್ಡು ಕೊಡ್ದೆ ಎಲ್ಲಿಗೋಯ್ತಾರೆ?"

ನಮ್ಮ ಕಡೆಯ ಮುದುಕಿಯರ ಲೆಕ್ಕವೇ ಇದು. ಹೆಬ್ಬೆಟ್ಟು ಒತ್ತಿದರೆ ಕೈಗೆ ದುಡ್ಡು ಬೀಳಬೇಕು. ಶಾಯಿ ಡಬ್ಬಿ ಕಂಡರೆ ಸಾಕು, ಬೆರಳು ತಾನಾಗಿ ಮುಂದೆ ಬರುತ್ತದೆ. ಬಂದಿದ್ದವರು ನಲ್ಲಿಯ ಫಾರಂ ತುಂಬಿಸುವವರು. ಮನೆಯಲ್ಲಿ ಕಾಯಂ ವಾಸಿಸುವವರು ಯಾರ್ಯಾರು, ಅವರ ಆಧಾರ್ ಏನು, ಫೋನ್ ಯಾವುದು, ಎಲ್ಲವೂ ಅದರಲ್ಲಿ ಬೇಕಿತ್ತು. ನೀರು ಬಿಡಲು ನಲ್ಲಿ ಎಲ್ಲಿದೆ ಎಂದು ತಿಳಿದರೆ ಸಾಲದೇ? ನಮ್ಮತ್ತೆ ರಾಯದುರ್ಗದ ಕಾಯಂ ನಿವಾಸಿ ಎಂದು ಒತ್ತಿ ಕೂತಿದ್ದರು. ಇಲ್ಲಿ ಕಾಯಂ ಆದವರಿಗೆ ಊರಿನ ಪಿಂಚಣಿ ಯಾರು ಕೊಡುತ್ತಾರೆ? ನಾಲ್ಕು ದಿನ ಅಲ್ಲಿ, ಉಳಿದ ದಿನ ಇಲ್ಲಿ ಎಂದರೆ ಕಂಪ್ಯೂಟರಿಗೆ ತಿಳಿಯುವುದಿಲ್ಲ.

ಮರುದಿನ ಕೊಡಗಳ ಸದ್ದಿನ ನಡುವೆ ನಾನು ಹೆಬ್ಬೆಟ್ಟಿನ ಮಾತೆತ್ತಿದೆ. ಗುಂಡಿಯಾಕೆ ನನ್ನ ಕೈ ಜಗ್ಗಿದಳು.

"ನಿಮ್ಮತ್ತಿ ಹೆಬ್ಬೆಟ್ಟು ತಗೊಂಡು ನಾವೇನ್ ಮಾಡೋಣ್ರಿ? ಮೊದ್ಲು ಚಾರ್ಜ್ ಮಾತಾಡ್ರಿ."

ಗುಮಾಸ್ತ ಕುರ್ಚಿಯಿಂದ ಏಳದೆ ಹೇಳಿದ: "ಯಾಕ ಹೆದರ್ತೀರಿ ಅಮ್ಮಾ? ನಿಮ್ ವಿವರ ಎಲ್ಲಾ ಬೀರುವಿನ್ಯಾಗ ಭದ್ರ ಐತ್ರಿ. ಬೀಗ ಹಾಕೀವಿ."

ಚಾರ್ಜೂ ಇಳಿಯಲಿಲ್ಲ, ಹೆಬ್ಬೆಟ್ಟೂ ಸಿಗಲಿಲ್ಲ; ನಾನು ಬಂದು ಮಿಷನ್ ಮುಂದೆ ಕೂತೆ.

ಹೊಸ ಜೀನ್ಸನ್ನು ಮಡಿಸುವಾಗ ನಡುವೆ ಒಂದು ಕಾಗದ ಇಡುವುದು ನಮ್ಮ ಕಸುಬಿನ ರೂಢಿ. ಇಲ್ಲದಿದ್ದರೆ ಹಿತ್ತಾಳೆ ಗುಂಡಿಯ ಅಚ್ಚು ಬಟ್ಟೆಯ ಮೇಲೆ ಕೂರುತ್ತದೆ. ಅದಕ್ಕೆ ನಾನು ಪೇಟೆಯಿಂದ ರದ್ದಿಯನ್ನು ಮೂಟೆಗಟ್ಟಲೆ ತರುವುದು. ಕೆಲವು ವಾರ ಕಳೆದಿರಬೇಕು. ಹೊಸ ಮೂಟೆ ಬಿಚ್ಚಿ ಪ್ಯಾಂಟು ಮಡಿಸುತ್ತಿದ್ದ ನನ್ನ ಗಂಡ ಕಿರುಚಿಕೊಂಡ.

"ಏ, ಅವ್ವ ಇಲ್ಲೇ ಅವ್ಳೆ ಕಣೇ!"

ಪ್ಯಾಂಟಿನ ಮಡಿಕೆಯೊಳಗಿಂದ, ಆಧಾರ್ ಜೆರಾಕ್ಸಿನ ಫೋಟೊದಲ್ಲಿ, ಅತ್ತೆ ನಮ್ಮನ್ನು ನೋಡುತ್ತಿದ್ದರು. ಕೆಳಗೆ ಅದೇ ನೇರಳೆ ಹೆಬ್ಬೆಟ್ಟು. ಮೂಟೆ ಸುರಿದೆವು. ಇಡೀ ಓಣಿಯೇ ಅದರಲ್ಲಿತ್ತು, ಆಚೀಚಿನ ಓಣಿಗಳೂ ಇದ್ದವು. ಯಾರು ಮಾರಿದರೋ, ಬೀರುವಿನ ಬೀಗ ಮಾತ್ರ ಭದ್ರವಾಗಿದ್ದಿರಬೇಕು.

ಅತ್ತೆ ಕಾಗದವನ್ನು ಹತ್ತಿರ ಹಿಡಿದು ನೋಡಿದರು. "ಮಖಕ್ಕೆ ಮಸಿ ಬಳ್ದಂಗೈತಲ್ಲೋ. ಎಲ್ಲಿಗೋಗ್ತಿದ್ದೆ ನಾನು ಈ ಪ್ಯಾಂಟಿನಾಗೆ?"

"ಮುಂಬೈಗೆ," ಎಂದ ಮಗ.

"ಅಂಗಾರೆ ಅಲ್ಲೂ ಪಿಂಚಣಿ ಕೊಡ್ತಾರೇನ್ಲಾ?"

ಮೂಟೆಯನ್ನು ತಲೆಯ ಮೇಲೆ ಹೊತ್ತು ಹೊರಟೆ. ಹೆಬ್ಬೆಟ್ಟು ಬೇಡವೆಂದಿದ್ದ ಓಣಿಯವರೆಲ್ಲ ಈಗ ಹಿಂದೆ ಬಂದರು, ಗುಂಡಿಯಾಕೆ ಎಲ್ಲರಿಗಿಂತ ಮುಂದೆ. ಗುಮಾಸ್ತನ ಮೇಜಿನ ಮೇಲೆ ಮೂಟೆ ಸುರಿದೆ. ಹೊರಡುವ ಮೊದಲೇ ಅದರಿಂದ ಒಂದು ಹಾಳೆಯನ್ನು ಆರಿಸಿಟ್ಟುಕೊಂಡಿದ್ದೆ. ಆತನ ಮನೆಗೂ ನಲ್ಲಿ ಇತ್ತಲ್ಲ.

"ನಿಮ್ಮ ಮನೆಯವರ ಫೋನ್ ನಂಬರ್ ಓದ್ತೀನಿ ಸಾರ್, ಸರಿ ಐತಾ ನೋಡಿ," ಎಂದು ದೊಡ್ಡ ದನಿಯಲ್ಲಿ ಶುರು ಮಾಡಿದೆ. ಬಾಗಿಲ ಬಳಿ ಒಬ್ಬಳು ಫೋನು ತೆಗೆದು ಒತ್ತತೊಡಗಿದಳು.

"ಏ ಸಾಕ್ರಿ, ಸಾಕು! ಒಳಗ ಬರ್ರಿ, ಕುತ್ಗೊಂಡು ಮಾತಾಡೋಣ."

ಆತ ಕುರ್ಚಿಯಿಂದ ಎದ್ದದ್ದನ್ನು ನಾನು ಅಂದೇ ನೋಡಿದ್ದು.

ಚಾರ್ಜೇ ಬೇಡ ಎಂದು ಶುರು ಮಾಡಿದೆ. ನಿಜವಾಗಿ ಬೇಕಾದ್ದನ್ನು ಮೊದಲೇ ಕೇಳುವವರು ಪೇಟೆಯಲ್ಲಿ ಬದುಕುವುದಿಲ್ಲ. ಆಗುವುದಿಲ್ಲ ಎಂದ. ಮೀಟರಾದರೂ ಬೇಡ ಎಂದೆ. ಅದು ಮೇಲಿನವರದ್ದು ಎಂದ. ಹೋಗಲಿ, ನಲ್ಲಿಗೆ ಒಂದು ನಂಬರ್, ಬಿಲ್ಲಿಗೆ ಒಂದು ಹೆಸರು, ಉಳಿದದ್ದನ್ನೆಲ್ಲ ಅಳಿಸಿ ಎಂದೆ.

"ನಮ್ಮ ಕಸುಬಿನಾಗೆ ಬಂಡಲ್ಲಿಗೊಂದು ಚೀಟಿ ಇರ್ತೈತೆ ಸಾರ್. ಜೇಬು ಯಾರು ಹೊಲಿದ್ರು ಅಂತ ಅದರ ನಂಬರೇ ಹೇಳ್ತೈತೆ. ಹೊಲಿದೋಳ ಅತ್ತೆ ಯಾವ ಊರಾಗೆ ಮಲಗ್ತಾಳೆ ಅಂತ ಅದು ಕೇಳಲ್ಲ."

ಆತ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ, ಒಂದೊಂದು ಮನೆಯದಾಗಿ ಅಳಿಸುತ್ತ ಹೋದ. ನಾನು ಎದುರಿಗೇ ನಿಂತೆ. ದಿನ ಹೋದದ್ದು ಅಲ್ಲೇ.

ಹೊರಗೆ ಬಂದಾಗ ಗುಂಡಿಯಾಕೆ ನನಗೆ ಹಾರ ಹಾಕಲಿಲ್ಲ. "ನಿಮ್ಮತ್ತಿನ ಬಿಡಿಸ್ಕೊಂಡ್ರಿ, ನಮ್ ಚಾರ್ಜ್ ಮಾರಿಬಿಟ್ರಿ," ಎಂದಳು. ಬಹಳ ದಿನ ಮಾತು ಬಿಟ್ಟಿದ್ದಳು. ಆಕೆ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಎರಡನ್ನೂ ಒಂದೇ ದಿನ ಗೆಲ್ಲುವಷ್ಟು ಸರಕು ಆ ಮೂಟೆಯಲ್ಲಿರಲಿಲ್ಲ.

ಅವರವರ ಹಾಳೆ ಅವರವರು ತೆಗೆದುಕೊಂಡ ಮೇಲೆ ಉಳಿದದ್ದನ್ನು ಹಂಡೆಯೊಲೆಗೆ ಹಾಕಿದೆ. ಗಾಳಿಗೂ ನೀರಿಗೂ ಒಂದೇ ಚಾರ್ಜು ಕಟ್ಟಿದ ಆ ಬಿಸಿನೀರಿನಲ್ಲಿ ಅತ್ತೆ ತಲೆಗೆ ಎರೆದುಕೊಂಡು ಊರಿನ ಬಸ್ಸು ಹತ್ತಿದರು. ನಾಲ್ಕು ದಿನ ಬಿಟ್ಟು ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಬಂದು, ಹೊಸ್ತಿಲು ದಾಟುವ ಮೊದಲೇ ನನ್ನ ಸಾರಿಗೆ ಉಪ್ಪಿಲ್ಲ ಎಂದರು. ಸಾರಿನ್ನೂ ಒಲೆ ಮೇಲೆ ಇತ್ತು. ಪಿಂಚಣಿ ಬಂದಿದೆ ಎಂದು ಗೊತ್ತಾಯಿತು.

ನೀವೂ ಕೇಳಿಸಿಕೊಳ್ಳಿ. ಜೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಡ್ಡ "ನಲ್ಲಿಗೆ ಮಾತ್ರ" ಎಂದು ಬರೆದು, ತಾರೀಕು ಹಾಕಿ ಕೊಡಿ. ಫಾರಮ್ಮಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಬರೆಯಲು ಅದೇನು ಪರೀಕ್ಷೆಯಲ್ಲ, ಯಾಕೆ ಬೇಕು ಎಂದು ಒಂದು ಸಲ ಕೇಳಿ. ಆಫೀಸಿಗೆ ಹೋದಾಗ ಬೇಕಾದ್ದನ್ನು ಕೊನೆಗೆ ಕೇಳಿ. ಮನೆಯಲ್ಲಿ ಮುದುಕಿಯರಿದ್ದರೆ, ಶಾಯಿ ಡಬ್ಬಿ ಹಿಡಿದವರು ಬಾಗಿಲಿಗೆ ಬಂದಾಗ ಆ ಮುದುಕಿಯರ ಕೈಗೆ ಕಲಸಿದ ಹಿಟ್ಟು ಕೊಟ್ಟು ಕೂರಿಸಿ.