ಒಳ್ಳೆಯ ರೈಫಲ್ ಹೇಗಿರಬೇಕು

ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ರಾಜಕೀಯ ಬರುವುದಿಲ್ಲ, ಹೊಗೆಸೊಪ್ಪಿನ ರೇಟೂ ಬರುವುದಿಲ್ಲ; ಬರುವುದು ರೈಫಲ್. ಒಳ್ಳೆಯ ರೈಫಲ್ ಹೇಗಿರಬೇಕು ಎಂಬುದರಲ್ಲಿ ನನಗೂ ನನ್ನ ಮಾವನಿಗೂ ಒಂದು ದಿನವೂ ಒಮ್ಮತವಾಗಿಲ್ಲ. ಪಿರಿಯಾಪಟ್ಟಣದಿಂದ ಕೊಡಗಿನ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದ ಹುಚ್ಚು ಮಾವನಿಗೆ ಪ್ರಾಯದಲ್ಲೇ ಹತ್ತಿತ್ತು. ನನಗೆ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಹತ್ತಿತು. ನನ್ನ ಗಂಡನಿಗೆ ಪಟಾಕಿಯ ಸದ್ದೂ ಆಗದು.

ಮಾವನ ಪ್ರಕಾರ ರೈಫಲ್ ಭಾರವಾಗಿರಬೇಕು, ನಳಿಗೆ ಉದ್ದವಿರಬೇಕು. ನನ್ನ ಪ್ರಕಾರ ಗುಂಡು ತುಂಬಲು ಎಳೆಯುವ ಬೋಲ್ಟು ಬೆರಳು ತಾಗಿಸಿದರೆ ಜಾರಿ ಹಿಂದೆ ಬರಬೇಕು, ಸೇಫ್ಟಿ ಹೆಬ್ಬೆರಳಿಗೆ ತಾನಾಗಿ ಸಿಗಬೇಕು, ಟ್ರಿಗರ್ ಜಗ್ಗಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಭುಜಕ್ಕೆ ಒತ್ತುವ ಮರ ಹೊಡೆಯುವವರ ತೋಳಿನ ಅಳತೆಗಿರಬೇಕು. ಮಾವ ಆರಡಿ ಆಳು, ನಾನು ಅವರ ಎದೆಯ ಮಟ್ಟ. ಅವರ ರೈಫಲ್ ಎತ್ತಿದರೆ ನಾನು ಕೊಕ್ಕರೆಯ ಹಾಗೆ ಕತ್ತು ಚಾಚಬೇಕು.

"ಮರ ಒಸಿ ಕುಯ್ಸಿ ಮಾವ," ಅಂದೆ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಕುಯ್ದ ಮರ ಮತ್ತೆ ಬೆಳೀತದಾ? ಈ ಸಲ ಪಂದ್ಯದಲ್ಲಿ ಕಾಯಿ ಒಡಿ, ಕುಯ್ಸಾನ."

ಪಂದ್ಯ ದಸರಾ ಮುಗಿದ ಕೂಡಲೇ ಇತ್ತು. ನಮ್ಮಲ್ಲಿ ಆಯುಧಪೂಜೆ ಎಂದರೆ ಟ್ರ್ಯಾಕ್ಟರಿನಿಂದ ಮಿಕ್ಸಿಯವರೆಗೆ ಯಾವುದಕ್ಕೂ ಕುಂಕುಮ ತಪ್ಪುವುದಿಲ್ಲ. ರೈಫಲ್ಲಿನ ಪೂಜೆ ಮಾತ್ರ ಮಾವನದೇ. ಮರಕ್ಕೆ ಮೂರೆಳೆ ವಿಭೂತಿ, ಬೋಲ್ಟಿಗೆ ಕುಂಕುಮ, ಗುರಿ ನೋಡುವ ಪುಟ್ಟ ಕಿಂಡಿಗೆ ಗಂಧ. ಪೂಜೆ ಮಾಡಿದ್ದನ್ನು ಒರೆಸಬಾರದು ಎಂದು ಹಾಗೇ ಚೀಲಕ್ಕೆ ಹಾಕಿಕೊಂಡು ಹೋದೆವು.

ಅಲ್ಲಿ ಒಬ್ಬರಿಗೆ ಒಂದೇ ಗುಂಡು. ಹೆಂಗಸು ಬಂದಳೆಂದು ಜನ ಮುಂದೆ ಮುಂದೆ ಬಂದರು. ಕುಂಕುಮದ ಬೋಲ್ಟು ಕರಕರ ಎಂದು ಮುನಿಸಿಕೊಂಡೇ ಮುಚ್ಚಿತು. ಕಿಂಡಿಗೆ ಕಣ್ಣಿಟ್ಟರೆ ಕಾಯಿಯೂ ಇಲ್ಲ, ಅದನ್ನು ಕಟ್ಟಿದ್ದ ಮರವೂ ಇಲ್ಲ; ಬರೀ ಗಂಧ, ಒಣಗಿ ಕಲ್ಲಾಗಿತ್ತು. ಆಗಲೇ ಹೆಸರು ಕೂಗಿಯಾಗಿತ್ತು, ಒರೆಸಲು ಕೈ ಬರಲಿಲ್ಲ. ಕಿಂಡಿಯ ಮೇಲಿಂದಲೇ ಅಂದಾಜು ಮಾಡಿ ಹೊಡೆದೆ. ಹಿಂದಿನ ಮಣ್ಣಿನ ದಿಬ್ಬದಿಂದ ಧೂಳೆದ್ದಿತು.

"ಬುಡಕ್ಕ, ಕಾಯಿ ಚಟ್ನಿಗೆ ಉಳ್ಕತು!" ಎಂದ ಒಬ್ಬ. ಎಲ್ಲರೂ ನಕ್ಕರು.

ಮಾವ ರೈಫಲ್ ಇಸಿದುಕೊಂಡು ಕಿಂಡಿಯಲ್ಲಿ ನೋಡಿದರು. ಮುಖ ಸಣ್ಣಗಾಯಿತು. ನೇರ ಹೋಗಿ ಮೈಕು ಕಿತ್ತುಕೊಂಡರು.

"ಯಾರೂ ನಗಬೇಡಿ ಕಣ್ರೀ. ಕಿಂಡಿಗೆ ಗಂಧ ಮೆತ್ತಿದೋನು ನಾನು. ನನ್ ಸೊಸೆ ಗುರಿ ಸರಿಯಾಗೇ ಅದೆ."

ಜನ ಇನ್ನೂ ಜೋರಾಗಿ ನಕ್ಕರು, ಈ ಸಲ ಅವರನ್ನು ನೋಡಿ. ಇನ್ನೊಂದು ಗುಂಡು ಕೊಡಿ ಎಂದು ಅವರು ಎಷ್ಟು ಗೋಗರೆದರೂ ಪಂದ್ಯದವರು ಒಪ್ಪಲಿಲ್ಲ.

ಮಾರನೆಯ ಬೆಳಿಗ್ಗೆ ಮಾವ ನನ್ನನ್ನು ಬಡಗಿಯ ಹತ್ತಿರ ಕರೆದುಕೊಂಡು ಹೋದರು. ತೋಳು ಮಡಚಿಸಿ, ಮರವನ್ನು ಮೊಣಕೈಗೆ ಒತ್ತಿ ಹಿಡಿದು, ತಾವೇ ಸೀಮೆಸುಣ್ಣದಲ್ಲಿ ಗೆರೆ ಎಳೆದರು.

"ನಾನು ಕಾಯಿ ಒಡೀಲಿಲ್ವಲ್ಲ ಮಾವ?"

"ಕುಯ್ದ್‌ಮ್ಯಾಲೆ ಇದು ನನ್ ಭುಜಕ್ಕೆ ಆಗಾಕಿಲ್ಲ ಕಣವ್ವ," ಎಂದರು. "ಇನ್ನು ನೀನೇ ಒಡೀಬೇಕು."